ಶೆಕುವೆಯ ಅಣ್ಣನ ಕಾಯಿಲೆ

ಪಂಗಾನಿಯೆಂಬ ಕರಾವಳಿಯೂರಿನ ದೋಣಿಗಟ್ಟೆಯಲ್ಲಿ ಎಳನೀರು ಮಾರುವ ಶೆಕುವೆಗೆ ತುಂಬಬಾರದ ಜಾಗದಲ್ಲಿ ನೀರು ತುಂಬಿಕೊಂಡಿತ್ತು. ಬೀಜ ಬಾತು ಪರಂಗಿಹಣ್ಣಿನಷ್ಟಾಗಿ, ಉದ್ದನೆಯ ಸಡಿಲ ನಿಲುವಂಗಿಯೇ ಅವನಿಗೆ ಗತಿಯಾಗಿತ್ತು. ಬೇರೆಯವರಿಗೆ ಬಂದರೆ ಅದು ಕಾಯಿಲೆ. ಎಳನೀರಿನವನಿಗೆ ಬಂದರೆ ಸಾಕ್ಷಿ. ಎಳನೀರು ಕುಡಿದರೆ ಅದು ಕೆಳಗಿಳಿದು ಅಲ್ಲೇ ನಿಲ್ಲುತ್ತದೆಂದು ಆ ಕರಾವಳಿಯ ಗಂಡಸರು ನಂಬಿದ್ದರು. ಶೆಕುವೆಯೂ ನಂಬಿದ್ದ, ಮಾರುತ್ತಿದ್ದನೇ ಹೊರತು ಹನಿ ಮುಟ್ಟುತ್ತಿರಲಿಲ್ಲ. ಗುಟ್ಟು ರಟ್ಟಾದರೆ ವ್ಯಾಪಾರ ಮುಗಿದಂತೆ.

ಹಾಗಾಗಿ ವೈದ್ಯನನ್ನು ದೂರದಲ್ಲೇ ಹುಡುಕಿದ, ಅದೂ "ನಮ್ಮಣ್ಣನಿಗೆ" ಎಂದು ಹೇಳಿಕೊಂಡು. ಹೊಳೆಯಾಚೆಯ ನಾಟಿವೈದ್ಯ ಬೇರಿನ ಕಷಾಯ ಕೊಟ್ಟ. ಅದು ಇಳಿಸಿದ್ದು ಶೆಕುವೆಯ ಹಸಿವನ್ನು ಮಾತ್ರ. ಜೊತೆಗೆ ಹೋಗಿದ್ದ ಹೆಂಡತಿ ಜೈತುನಿ ಹೊಟ್ಟೆ ಮುಂದೆ ಮಾಡಿ, ಕಣ್ಣು ಮುಚ್ಚಿ, ಆ ವೈದ್ಯನಂತೆಯೇ ಮೂಗಿನಲ್ಲಿ ಉಲಿದಳು: "ಅಣ್ಣನ್ನ ಪೂರ್ವಕ್ಕೆ ಕೂರ್ಸಿ ಕಷಾಯ ಕುಡ್ಸು... ತಮ್ಮ ಪಶ್ಚಿಮಕ್ಕೆ ಓಡ್ಲಿ..."

ಶೆಕುವೆ ನಕ್ಕ; ನೋವಾಗಿ ನಿಲ್ಲಿಸಿದ.

"ನಿಮ್ ಸೈಕಲ್ ಹಿಂದೆ ಕೂತು ಎಷ್ಟ್ ಕಾಲ ಆಯ್ತು, ಹಸೀನನ ಅಪ್ಪಾ," ಎಂದಳು ಜೈತುನಿ, ಈಗ ತನ್ನದೇ ದನಿಯಲ್ಲಿ.

ಶುಕ್ರವಾರ ಸಂಜೆ ಅವಳನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಸಮುದ್ರದಂಡೆಗೆ ಹೋಗುವುದು ಮದುವೆಯಾದಾಗಿನ ರೂಢಿ. ಈಗ ಸೀಟಿನ ಮೇಲೆ ಅವನಿಗೇ ಕೂರಲಾಗುತ್ತಿರಲಿಲ್ಲ. ಎಳನೀರು ಹೇರಿದ ಸೈಕಲ್ಲನ್ನು ತಳ್ಳಿಕೊಂಡೇ ತಿರುಗುತ್ತಿದ್ದ.

ಮರುದಿನ ದೋಣಿಗಟ್ಟೆಯಲ್ಲಿ ಜನ ಕರಗಿದ ಮೇಲೂ ಕಿಸಂಗಾ ನಿಂತಿದ್ದ. ದಿನವೂ ಎರಡು ಕುಡಿದು, ಚಿಪ್ಪಿನ ಚೂರಿನಿಂದ ಗಂಜಿ ಕೆರೆದು ತಿನ್ನುವ ಆಸಾಮಿ. ಆಸ್ಪತ್ರೆಯ ಗುಮಾಸ್ತನಿರಬೇಕೆಂದು ಶೆಕುವೆಯ ಊಹೆ.

"ಟಾಂಗಾ ಪಟ್ಟಣದಲ್ಲಿ ಬೀಜದ ಊತಕ್ಕೆ ಒಳ್ಳೇ ತಜ್ಞರು ಯಾರಿದಾರೆ, ಸ್ವಾಮಿ? ನಮ್ಮಣ್ಣನಿಗೆ ಬೇಕಿತ್ತು."

"ಟಾಂಗಾದ ಡಾಕ್ಟ್ರುಗಳೇ ಇಂಥ ಆಪರೇಷನ್ನಿಗೆ ನನ್ ಹತ್ರ ಕಳಿಸ್ತಾರಲ್ಲ."

ಶೆಕುವೆಯ ಕತ್ತಿ ಕಾಯಿಯಲ್ಲೇ ಸಿಕ್ಕಿಕೊಂಡಿತು.

"ಸೈಕಲ್ ಇಟ್ಕೊಂಡು ನಡೀತಾರಲ್ಲ, ಆ ಅಣ್ಣ ತಾನೆ?" ಕಿಸಂಗಾ ದನಿ ತಗ್ಗಿಸಿದ. "ದಿನಾ ನೋಡ್ತಿದ್ದೆ. ಬಾಯಿ ಬಿಡ್ಲಿ ಅಂತ ಕಾಯ್ತಿದ್ದೆ."

"ನೀವು ದಿನಾ ಕುಡೀತೀರಿ. ನಿಮಗೆ ಬಂದಿಲ್ಲ?"

"ಅದು ಸೊಳ್ಳೆ ಕಚ್ಚಿ ಬರೋದು, ಯಜಮಾನ್ರೇ. ಪಾಪ, ಎಳನೀರು ಏನ್ ಮಾಡ್ತು?"

ಅಣ್ಣನಿಗೆ ಹುಷಾರಿಲ್ಲವೆಂದು ಹೇಳಿ ಹೋಗಿದ್ದ ಶೆಕುವೆ ಆಪರೇಷನ್ನಾಗಿ, ಗಾಯ ಮಾಯ್ದು ದೋಣಿಗಟ್ಟೆಗೆ ಬಂದಾಗ ದೋಣಿಯವರು ಸುತ್ತುವರಿದರು.

"ಎಲ್ಲಿ ಹೋಗಿದ್ರಿ ಮಾರಾಯ್ರೇ, ಅಣ್ಣನ ಆರೈಕೆಗಾ?"

ಹೌದೆಂದರೆ ಮುಗಿಯುತ್ತಿತ್ತು. ಪಕ್ಕದಲ್ಲಿದ್ದ ಜೈತುನಿ ಅವನ ಅಂಗಿತೋಳಿನ ಮಡಿಕೆ ಸರಿಮಾಡಿದಳು.

"ಅಣ್ಣ ಇಲ್ಲ, ತಮ್ಮ ಇಲ್ಲ. ನನಗೇ ಆಗಿತ್ತು," ಎಂದ ಶೆಕುವೆ. ಒಂದು ಕಾಯಿ ಕೆತ್ತಿ, ಎಲ್ಲರೂ ನೋಡುತ್ತಿದ್ದಂತೆ ತಾನೇ ಗಟಗಟ ಕುಡಿದ.

ಯಾರೂ ನಗಲಿಲ್ಲ. ಆ ದಿನ ವ್ಯಾಪಾರವೂ ಆಗಲಿಲ್ಲ. ಸಂಜೆ ಮಾತ್ರ ಒಬ್ಬ ಬಂದು, ಎಳನೀರು ಕೈಯಲ್ಲಿ ಹಿಡಿದು, ಬಹಳ ಹೊತ್ತು ಕುಡಿಯದೆ ನಿಂತ.

"ನಮ್ಮ... ಚಿಕ್ಕಪ್ಪನಿಗೆ," ಎಂದ.

"ಮೊದ್ಲು ಕುಡಿ," ಎಂದ ಶೆಕುವೆ ಮೆತ್ತಗೆ. "ನಾಳೆ ನಾನೇ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ತೀನಿ. ಇವತ್ತು ಶುಕ್ರವಾರ, ಹಿಂದಿನ ಸೀಟು ಖಾಲಿ ಇಲ್ಲ."