ಕ್ರಿಯಾಪದ ಬರುವ ತನಕ

ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವನ ಮೇಜು ಹಿಂದಿನ ಕೋಣೆಯಲ್ಲಿತ್ತು. ಡಾಕ್ಟರುಗಳು ಕಳಿಸಿದ ಅಚ್ಚಿನಿಂದ ದವಡೆ ಎರಕ ಹೊಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ಕೊನೆಗೆ ಉಜ್ಜಿ ಹೊಳಪು ಕೊಡುವುದು ಅವನ ಕೆಲಸ. ಮಾತಿನ ಹಂಗಿಲ್ಲದ ಕೆಲಸವೆಂದೇ ಅದನ್ನು ಹಿಡಿದಿದ್ದ. ಚಿಕ್ಕಂದಿನಿಂದ ಅವನಿಗೆ ಉಗ್ಗು. ಆದರೆ ಉಗ್ಗಿಗಿಂತ ಹೆಚ್ಚಾಗಿ ಅವನನ್ನು ಹಣ್ಣು ಮಾಡಿದ್ದು ಜನರ ಒಳ್ಳೆಯತನ. ಒಂದು ಅಕ್ಷರದಲ್ಲಿ ಸಿಕ್ಕಿಕೊಂಡರೆ ಸಾಕು, ಎದುರಿಗಿದ್ದವರು ಉಳಿದದ್ದನ್ನು ತಾವೇ ಹೇಳಿ ಮುಗಿಸಿಬಿಡುತ್ತಿದ್ದರು. ಅಕ್ಕನಂತೂ ಫೋನಿನಲ್ಲಿ ಅವನ ಪ್ರಶ್ನೆ, ತನ್ನ ಉತ್ತರ ಎರಡನ್ನೂ ತಾನೇ ಆಡುತ್ತಿದ್ದಳು. ಇವನು ನಡುನಡುವೆ ‘ಹೂಂ’ ಅಂದರೆ ಕ್ಷೇಮಸಮಾಚಾರ ಮುಗಿಯುತ್ತಿತ್ತು.

ಲೈಬ್ರರಿಯ ಮಹಡಿಯಲ್ಲಿ ಸಂಜೆ ಲ್ಯಾಟಿನ್ ಕಲಿಸುತ್ತಾರೆಂಬ ನೋಟಿಸು ನೋಡಿದಾಗ, ಆಡುವವರೇ ಇಲ್ಲದ ಭಾಷೆಯಲ್ಲವೇ ಎಂಬ ಧೈರ್ಯದ ಮೇಲೆ ಹೋಗಿ ಸೇರಿದ. ಈ ಕಾಲದಲ್ಲಿ ಇದನ್ನು ಕಲಿಯಲು ಯಾರು ಬಂದಾರು ಅಂದುಕೊಂಡಿದ್ದರೆ, ಕುರ್ಚಿ ಸಾಲದೆ ಕೆಳಗಿನಿಂದ ತರಿಸಬೇಕಾಯಿತು. ಗಿಡಗಳ ಹೆಸರಿನ ಅರ್ಥ ಬೇಕೆಂದು ಒಬ್ಬ ತೋಟಗಾರ, ಮನೆಯಲ್ಲಿ ಹೊತ್ತು ಹೋಗದ ಒಬ್ಬ ರಿಟೈರ್ಡ್ ಜಡ್ಜು, ಇವನ ಪಕ್ಕದ ಕುರ್ಚಿಯಲ್ಲಿ ಔಷಧಿ ಅಂಗಡಿ ನಡೆಸುವ ಒಬ್ಬ ವಿಧವೆ. ದಿನವಿಡೀ ಮಾರುವ ಹೆಸರುಗಳು ಎಲ್ಲಿಂದ ಬಂದವೆಂದು ತಿಳಿಯುವ ಆಸೆ ಆಕೆಗೆ.

“ಕ್ರಿಯಾಪದ ಸಾಮಾನ್ಯವಾಗಿ ಕೊನೇಲಿ ಬರುತ್ತೆ, ನಮ್ಮ ಮಾತಿನ ಹಾಗೇ. ಅದು ಬರೋ ತನಕ ಯಾರೂ ಅವಸರ ಮಾಡ್ಬೇಡಿ,” ಎಂದರು ಮೇಷ್ಟ್ರು ಮೊದಲ ದಿನ.

ಜಡ್ಜು ಓದಿದರು. ಹೆಜ್ಜೆಹೆಜ್ಜೆಗೂ ಎಡವಿದರು. ತೋಟಗಾರ ನಾಲ್ಕು ಪದಕ್ಕೆ ಬೆವರಿದ. ಇವನ ಸರದಿ ಬಂತು. ನಿಂತ, ತಡವರಿಸಿದ, ಮತ್ತೆ ಹಿಡಿದ. ಕೋಣೆಯಲ್ಲಿದ್ದವರೆಲ್ಲ ಕಾದರು. ಮುಂದಿನ ಪದವನ್ನು ಹೇಗೆ ಓದಬೇಕೆಂದು ಮೇಷ್ಟ್ರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರೂ ನಡುವೆ ಬಾಯಿ ಹಾಕಲಿಲ್ಲ. ವಾಕ್ಯದ ಕೊನೆಯನ್ನು ಅವನೇ ಮುಟ್ಟಿದ. ಅಂದು ಬಸ್ಸು ಹತ್ತದೆ ಮನೆಯ ತನಕ ನಡೆದುಕೊಂಡೇ ಹೋದ.

ಚಳಿಗಾಲ ಕಳೆಯಿತು. ಔಷಧಿ ಅಂಗಡಿಯಾಕೆ ಪುಸ್ತಕ ಮರೆತ ದಿನ ಇಬ್ಬರೂ ಒಂದೇ ಪುಟದ ಮೇಲೆ ಬಾಗಿ ಕೂತರು. ಆಕೆಯ ಕೈಯಿಂದ ಸೋಪಿನ ವಾಸನೆ ಬರುತ್ತಿತ್ತು. ಎದುರಿನ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿಯೋಣವೇ ಎಂದು ಕೇಳಬೇಕೆಂಬ ಆಸೆ ಅವನಿಗೆ ಹುಟ್ಟಿದ್ದು ಆಗ. ಲ್ಯಾಬಿನಲ್ಲಿ ಒಬ್ಬನೇ ಇದ್ದಾಗ ಎಷ್ಟು ಸಲ ಹೇಳಿಕೊಂಡನೋ. ಗೋಡೆಯ ಎದುರು ಮಾತು ಎಣ್ಣೆ ಹಾಕಿದಂತೆ ಜಾರುತ್ತಿತ್ತು.

ಒಂದು ಸಂಜೆ ಪಾಠ ಶುರುವಾಗುವ ಮೊದಲು ಮೆಟ್ಟಿಲ ಬಳಿ ಆಕೆಯನ್ನು ನಿಲ್ಲಿಸಿದ.

“ನಾ... ನಾ... ಹೋ... ಹೋ...”

ಆಕೆಯ ಮುಖದಲ್ಲಿ ಕನಿಕರ ಮೂಡಿತು. “ಹೋಗ್ಬೇಕಾ? ಹುಷಾರಿಲ್ವಾ? ಪರವಾಗಿಲ್ಲ, ಹೊರಡಿ. ಮೇಷ್ಟ್ರಿಗೆ ನಾನು ಹೇಳ್ತೀನಿ.”

ಅಲ್ಲ ಎನ್ನಲು ಹೋದ. ಅದೂ ಗಂಟಲಲ್ಲೇ ನಿಂತಿತು. ತಲೆಯಾಡಿಸಿ ಮೆಟ್ಟಿಲಿಳಿದ. ಹೋಟೆಲಿನಲ್ಲಿ ಒಬ್ಬನೇ ಕೂತು ಕಾಫಿ ಕುಡಿದು, ಮಹಡಿಯ ದೀಪ ಆರುವ ಮೊದಲೇ ಎದ್ದುಹೋದ.

ಮುಂದಿನ ವಾರ ಆಕೆ ಜ್ವರ ಬಿಟ್ಟಿತಾ ಎಂದು ವಿಚಾರಿಸಿದಳು. ಬಿಟ್ಟಿತು ಎಂದು ಕೈಸನ್ನೆ ಮಾಡಿದ. ಅಂದು ಓದುವಾಗ ಉದ್ದನೆಯ ಪದವೊಂದರಲ್ಲಿ ಸಿಕ್ಕಿಕೊಂಡ. ಆಕೆ ಮೆಲ್ಲಗೆ ಆ ಪದ ಹೇಳಿಕೊಟ್ಟಳು. ಹಿಂದಿನ ಸಾಲಿನಿಂದ ಜಡ್ಜು ಅದರ ಮುಂದಿನದನ್ನೂ ಹೇಳಿದರು. ಎಲ್ಲರೂ ಪ್ರೀತಿಯಿಂದಲೇ ನಕ್ಕರು. ಅವನು ಕೂತುಬಿಟ್ಟ.

ಮುಂದಿನ ವರ್ಷದ ಪಾಠಗಳಿಗೆ ಹೆಸರು ಬರೆಸುವಾಗ ಅವನು ಅದೇ ಮಹಡಿಯಲ್ಲಿ ಹೊಸದಾಗಿ ಶುರುವಾದ ಗ್ರೀಕಿಗೆ ಸೇರಿದ. ವರಾಂಡದಲ್ಲಿ ಎದುರಾದ ಆಕೆ, ನಮ್ಮ ಕ್ಲಾಸು ಯಾಕೆ ಬಿಟ್ಟಿರಿ ಎಂದು ನಿಜವಾದ ಬೇಸರದಿಂದಲೇ ಕೇಳಿದಳು.

ಉತ್ತರಕ್ಕೆ ಬಹಳ ಹೊತ್ತು ಹಿಡಿಯಿತು. ಆಕೆ ಅರ್ಧದಲ್ಲಿ ಬಾಯಿ ತೆರೆದವಳು, ಅವನು ಕೈ ಎತ್ತಿದ್ದು ಕಂಡು ಸುಮ್ಮನಾದಳು.

“ಅಲ್ಲಿ... ಎಲ್ಲರೂ... ಕ-ಕಲಿತುಬಿಟ್ರು.”

ತಮಾಷೆಯೆಂದು ಆಕೆ ನಕ್ಕು, ಬ್ಯಾಗು ಹೆಗಲಿಗೇರಿಸಿಕೊಂಡು ಲ್ಯಾಟಿನ್ನಿನ ಕೋಣೆಗೆ ಹೋದಳು. ಕಾಫಿಯ ಮಾತು ಅವನ ನಾಲಿಗೆಯ ತುದಿಗೆ ಆಮೇಲೆ ಬಂತು, ಬಾಗಿಲು ಮುಚ್ಚಿಕೊಂಡ ಮೇಲೆ.

ಗ್ರೀಕಿನ ಕೋಣೆಯಲ್ಲಿ ಬೆರಳೆಣಿಕೆಯ ಜನ. ಬೋರ್ಡಿನ ಮೇಲೆ ಅಕ್ಷರಮಾಲೆ. ಕನ್ನಡಕ ಹಾಕಿದ ಹುಡುಗಿಯೊಬ್ಬಳು ಮೂರನೆಯ ಅಕ್ಷರಕ್ಕೇ ಸೋತು ಪುಸ್ತಕದಲ್ಲಿ ಮುಖ ಹುದುಗಿಸಿದ್ದಳು. ಅವನು ಗೋಡೆಯ ಕಡೆಯ ಕುರ್ಚಿ ಎಳೆದುಕೊಂಡು, ಪಕ್ಕದ ಕುರ್ಚಿಯ ಮೇಲೆ ತನ್ನ ಕೋಟು ಇಟ್ಟು, ಕೂತ.