ಹ್ಯಾಂಗ್ ಆಗದ ಫೋನು

ನಾನೊಂದು ಮೊಬೈಲ್ ಫೋನು. ಹೆತ್ತವರು ಯಾರೆಂದು ಕೇಳಿದರೆ ಒಬ್ಬರ ಹೆಸರು ಹೇಳಲಾರೆ. ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕೂತ ಹೆಣ್ಣುಮಕ್ಕಳಲ್ಲಿ ಒಬ್ಬಳು ನನಗೆ ಕಣ್ಣು ಕೊಟ್ಟಳು, ಇನ್ನೊಬ್ಬಳು ಕಿವಿ ಕೊಟ್ಟಳು. ಕೊನೆಯವಳು ಗುಂಡಿ ಒತ್ತಿ ನೋಡಿ, ನಾನು ಬೆಳಗಿದ ಕೂಡಲೇ ಬೆನ್ನಿಗೆ 'ಪಾಸ್' ಎಂಬ ಚೀಟಿ ಅಂಟಿಸಿದಳು. ಜಂಬ ಎನ್ನಿ, ಏನಾದರೂ ಎನ್ನಿ, ಆ ಚೀಟಿಯ ಮೇಲೆ ನನಗೆ ಬಹಳ ಅಭಿಮಾನ. ಇದನ್ನು ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಮುಂದೆ ನನ್ನ ಮೇಲೊಂದು ಅಪವಾದ ಬಂತು. ನಾನು ಪದೇ ಪದೇ ಹ್ಯಾಂಗ್ ಆಗುತ್ತೇನಂತೆ. ದೇವರಾಣೆಗೂ ಸುಳ್ಳು.

ನನ್ನನ್ನು ಕೊಂಡವರು ಗದಗಿನ ಮಹಾರುದ್ರಪ್ಪನವರು. ಹಳೆಯ ಮೋಟರ್ ಸೈಕಲ್ಲುಗಳನ್ನು ಕೊಡಿಸುವ, ಮಾರಿಸುವ ದಲ್ಲಾಳಿ. ಕಣ್ಣೆದುರು ಯಾವ ವಸ್ತು ಬಂದರೂ ಅವರ ಮೊದಲ ಪ್ರಶ್ನೆ, "ಮಾರಿದ್ರ ಏನ್ ಬರತೈತಿ?" ಬೀಗರ ಮನೆಯ ಸೋಫಾ ಕೂಡ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿರಲಿಲ್ಲ. ನನ್ನನ್ನು ಕೊಂಡ ದಿನ ಮಾತ್ರ ಅವರು ಹಾಗೆ ಕೇಳಲಿಲ್ಲ. ಒಬ್ಬಳೇ ಮಗಳು ಅಕ್ಷತಾ ಬಿ.ಕಾಂ. ಪಾಸಾಗಿದ್ದಳು. ಹನ್ನೊಂದು ಸಾವಿರ ಎಣಿಸಿ ಕೊಟ್ಟು, ನನ್ನ ಡಬ್ಬಿಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮನೆಗೆ ಬಂದರು.

ಎರಡು ವರ್ಷ ನಾನು ಅಕ್ಷತಾಳ ಕೈಯಲ್ಲಿದ್ದೆ. ಚೆಂದದ ದಿನಗಳವು. ಅವಳು ನಕ್ಕರೆ ನನ್ನ ಮೈಯೆಲ್ಲ ಅಲುಗುತ್ತಿತ್ತು. ಅವಳು ನನ್ನಲ್ಲೇ ಒಬ್ಬನೊಡನೆ ಮಾತಾಡುತ್ತಿದ್ದಳು. ಫ್ಲೆಕ್ಸ್ ಬೋರ್ಡ್ ಮುದ್ರಿಸುವ ಕೆಲಸದವನು, ಒಳ್ಳೆಯವನು. ಆದರೆ ಬೇರೆ ಜಾತಿಯವನು. ಅಪ್ಪ ಒಪ್ಪುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಒಂದು ದಿನ ನನ್ನೊಳಗಿದ್ದ ತನ್ನದನ್ನೆಲ್ಲ ಅಳಿಸಿ, ಸಿಮ್ ತೆಗೆದು, ನನ್ನನ್ನು ದೇವರ ಜಗಲಿಯ ಮೇಲಿಟ್ಟು ಹೊರಟುಹೋದಳು. ಅಪ್ಪ ಕೊಡಿಸಿದ್ದು ಎಂದು ಬಿಟ್ಟುಹೋದಳೆಂದೇ ನನ್ನ ನಂಬಿಕೆ.

ಮಹಾರುದ್ರಪ್ಪ ನನ್ನನ್ನೆತ್ತಿ ಗೋಡೆಗೆ ಎಸೆದರು. ಗಾಜಿನ ಮೂಲೆ ಸೀಳಿತು. "ಇನ್ನ ಆಕಿ ಹೆಸರ ಈ ಮನ್ಯಾಗ ಎತ್ತಬ್ಯಾಡ್ರಿ" ಎಂದರು. ಹೆಂಡತಿ ನೀಲವ್ವನನ್ನು ಅವರು ಯಾವತ್ತೂ ಕರೆಯುತ್ತಿದ್ದುದು "ಅಕ್ಷತಾನ ಅವ್ವಾ" ಎಂದು. ಅಂದಿನಿಂದ ಆ ಕರೆಯೂ ನಿಂತಿತು. ಏನಾದರೂ ಬೇಕಾದರೆ "ಏ" ಎನ್ನುತ್ತಿದ್ದರು, ಇಲ್ಲವೇ ಕೆಮ್ಮುತ್ತಿದ್ದರು.

ಮರುವಾರ ನನ್ನನ್ನು ಮಾರಲು ಒಯ್ದರು. ಸೀಳಿದ ಗಾಜು ನೋಡಿ ಅಂಗಡಿಯವರು ಹೇಳಿದ ಬೆಲೆ ಅವರಿಗೆ ಅವಮಾನವೆನಿಸಿತು. ತಿರುಗಿ ತಂದು ನೀಲವ್ವನ ಮುಂದಿಟ್ಟರು. "ನೀನ ಇಟ್ಕೊ." ಆಕೆಯ ಹಳೆಯ ಗುಂಡಿಯ ಫೋನಿನ ಸಿಮ್ಮು ನನ್ನ ಹೊಟ್ಟೆಗೆ ಬಂತು. ಅದರಲ್ಲಿ ಹಾಲಿನವರು, ಗ್ಯಾಸಿನವರು, ತಂಗಿ, ತಮ್ಮ, ಎಲ್ಲರ ನಂಬರೂ ಇದ್ದವು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹೊಸ ನಂಬರಿನಿಂದ ಕರೆ ಬಂತು. "ಅವ್ವಾ" ಎಂಬ ಒಂದೇ ಮಾತಿಗೆ ನಾನು ಅವಳನ್ನು ಗುರುತಿಸಿದೆ. ನೀಲವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ನನ್ನನ್ನು ಕಿವಿಗೆ ಒತ್ತಿಕೊಂಡರು. ಇಬ್ಬರೂ ಬಹಳ ಹೊತ್ತು ಅತ್ತರು. ಆಮೇಲೆ ನೀಲವ್ವ ಕಟ್ಟಳೆ ಹಾಕಿದರು.

"ನೀ ಆಗಿ ಫೋನ್ ಹಚ್ಚಬ್ಯಾಡವಾ. ಅವರು ಮನ್ಯಾಗ ಇಲ್ಲದಾಗ ನಾ ಮಿಸ್ ಕಾಲ್ ಕೊಡ್ತೀನಿ. ಆವಾಗ ಹಚ್ಚು. ಊರ ಹೆಸರೂ ಹೇಳಬ್ಯಾಡ, ಗೊತ್ತಿದ್ರ ಎಲ್ಲೆರ ಬಾಯಿ ಬಿಟ್ಟೇನು. ಆಣಿ ಮಾಡು."

"ಆತವ್ವಾ. ನಿನ್ನ ಆಣಿ" ಎಂದಳು ಅಕ್ಷತಾ. ಆಣೆ ಮುರಿಯದ ವಿಷಯದಲ್ಲಿ ಅವಳು ಅಪ್ಪನ ಮಗಳೇ.

ನೀಲವ್ವ ಮೂರನೆಯ ಇಯತ್ತೆ ಓದಿದವರು. ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಆ ನಂಬರಿಗೆ 'ಕೋತಂಬ್ರಿ' ಎಂದು ಹೆಸರಿಟ್ಟರು. ಗಂಡ ನೋಡಿದರೆ ಸೊಪ್ಪಿನವಳೆಂದು ತಿಳಿಯಲಿ ಎಂದು. ಹೀಗೆ ಆ ಒಂದು ನಂಬರು ಸಿಮ್ಮಿನಲ್ಲಲ್ಲ, ನನ್ನೊಳಗೆ ಉಳಿಯಿತು. ನನ್ನ ಇಡೀ ಬಾಳಿನಲ್ಲಿ ನನ್ನನ್ನೇ ನಂಬಿ ಯಾರಾದರೂ ಏನನ್ನಾದರೂ ಇಟ್ಟಿದ್ದರೆ ಅದು ಆ ಹತ್ತು ಅಂಕಿ.

ವಾರಕ್ಕೆರಡು ಮಧ್ಯಾಹ್ನ ನನ್ನ ಹಬ್ಬ. ನೀಲವ್ವ ಕೋತಂಬ್ರಿಗೆ ಎರಡು ರಿಂಗ್ ಕೊಟ್ಟು ಕತ್ತರಿಸುವರು. ನಿಮಿಷದೊಳಗೆ ಅಕ್ಷತಾ ಬರುವಳು. ಮಾತು ಮುಗಿದ ಮೇಲೆ ಆ ಕರೆಯ ಗುರುತನ್ನು ನನ್ನಿಂದ ಅಳಿಸಿ, ಸೆರಗಿನಿಂದ ನನ್ನ ಮುಖ ಒರೆಸಿ ಇಡುವರು. ಮೂರು ವರ್ಷ ಹೀಗೇ ನಡೆಯಿತು. ಕೆಲವು ಸಲ ಮಹಾರುದ್ರಪ್ಪ ಹೊತ್ತಿಗೆ ಮೊದಲೇ ಮನೆಗೆ ಬಂದುಬಿಡುತ್ತಿದ್ದರು. ಹೆಂಡತಿಯ ಕೈಯಲ್ಲಿ ನಾನು, ಆಕೆಯ ಕಣ್ಣಲ್ಲಿ ನೀರು.

"ಏನಾತು?"

"ಏನಿಲ್ರಿ. ಫೋನ್ ಹ್ಯಾಂಗ್ ಆಗೇತಿ."

"ಹ್ಯಾಂಗ ಹ್ಯಾಂಗ್ ಆತು?" ನಮ್ಮ ಕಡೆ ಹ್ಯಾಂಗ ಎಂದರೆ ಹೇಗೆ ಎಂದರ್ಥ. ತಮ್ಮ ಮಾತಿಗೆ ತಾವೇ ನಗುತ್ತಿದ್ದರು. ಆಕೆಯೂ ನಗುವ ಹಾಗೆ ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಚೀಟಿ ಅಂಟಿಸಿಕೊಂಡು ಹುಟ್ಟಿದವನು ನಾನು! ಆದರೆ ಯಾರಿಗಾಗಿ ಆ ಸುಳ್ಳು ಎಂದು ನೆನೆದು ಸುಮ್ಮನಾಗುತ್ತಿದ್ದೆ. ಆ ಸುಳ್ಳೇ ಒಂದು ದಿನ ನಮ್ಮನ್ನು ನುಂಗುತ್ತದೆಂದು ನನಗೂ ತಿಳಿಯಲಿಲ್ಲ, ಆಕೆಗೂ ತಿಳಿಯಲಿಲ್ಲ.

ಈ ವರ್ಷ ಫೋನುಗಳ ಬೆಲೆ ಗಗನಕ್ಕೇರಿತು. ಒಳಗಿನ ಚಿಪ್ ತುಟ್ಟಿಯಾಯಿತಂತೆ. ನನ್ನಂಥದ್ದೇ ಹೊಸದಕ್ಕೆ ಹದಿನೇಳು ಸಾವಿರ, ಬರುವ ತಿಂಗಳು ಇನ್ನೂ ಏರುತ್ತದೆಂಬ ಸುದ್ದಿ. ಮೊಬೈಲ್ ಅಂಗಡಿಯ ಮುಂದೆ 'ಹಳೆಯ ಫೋನಿಗೆ ಐದು ಸಾವಿರದವರೆಗೆ' ಎಂದು ಫಲಕ ಹಾಕಿದ್ದರು. ಮಹಾರುದ್ರಪ್ಪ ಲೆಕ್ಕ ಹಾಕಿದರು. ಹೆಂಡತಿ ಹ್ಯಾಂಗ್ ಆದ ಫೋನು ಹಿಡಿದು ಅಳುವುದನ್ನು ಅವರು ಕಂಡಿದ್ದರಲ್ಲ. ಬಾಯಿಬಿಟ್ಟು ಪ್ರೀತಿ ಹೇಳುವ ಮನುಷ್ಯರಲ್ಲ ಅವರು. ನನ್ನನ್ನು ಕೊಟ್ಟು ಹೊಸದು ತರುವ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು, ಹೆಂಡತಿಗೆ ರಿಪೇರಿ ಮಾಡಿಸಿ ತರುತ್ತೇನೆಂದಷ್ಟೇ ಹೇಳಿ ನನ್ನನ್ನು ಜೇಬಿಗೆ ಹಾಕಿಕೊಂಡರು. ಹಿಂದಿನ ದಿನವಷ್ಟೇ ಅಕ್ಷತಾ ಹೇಳಿದ್ದಳು, "ಎಂಟ ತಿಂಗಳ ತುಂಬಿತವ್ವಾ. ಚೊಚ್ಚಲ ಬಾಣಂತನ ತವರಮನ್ಯಾಗ ಅಂತಾರ. ನನಗ ಆ ಪುಣ್ಯ ಇಲ್ಲ ನೋಡು." ನೀಲವ್ವ, "ತಡಿ, ಎರಡ ದಿನದಾಗ ಅಪ್ಪಗ ಹೇಳತೀನಿ, ಹೇಳಿ ಮಿಸ್ ಕಾಲ್ ಕೊಡತೀನಿ" ಎಂದಿದ್ದರು.

ಅಂಗಡಿಯ ದಾದಾಪೀರ ನನ್ನನ್ನು ತಿರುಗಿಸಿ ನೋಡಿದ. "ಗಾಜ ಸೀಳೇತಿ ಅಣ್ಣಾರ. ಒಂದ ಸಾವಿರ ಬರತೈತಿ."

"ಐದ ಸಾವಿರ ಅಂತ ಬರದೀಯಲ್ಲೋ!"

"ಐದ ಸಾವಿರದವರೆಗೆ ಅಂತ ಬರದೇನ್ರಿ."

ಅದೇ ಮಾತನ್ನು ನೂರಾರು ಗಿರಾಕಿಗಳಿಗೆ ತಾವೂ ಹೇಳಿದ್ದರಿಂದ ಮಹಾರುದ್ರಪ್ಪ ಸಾವಿರ ಕಳೆದು ಹೊಸ ಫೋನಿನ ರೊಕ್ಕ ಎಣಿಸಿಕೊಟ್ಟರು. ದಾದಾಪೀರ ಕೇಳಿದ, "ಇದರಾಗಿನ ನಂಬರ್ ತಗದು ಹೊಸದರಾಗ ಹಾಕಲೇನ್ರಿ?"

"ಯಾಕ? ಎಲ್ಲಾ ಸಿಮ್ಮಿನ್ಯಾಗ ಇರತಾವಲ್ಲ."

ಇಲ್ಲ, ಒಂದು ನನ್ನಲ್ಲಿದೆ, ಒಂದೇ ಒಂದು ನನ್ನಲ್ಲಿದೆ ಎಂದು ಕೂಗಿಕೊಳ್ಳಬೇಕೆನಿಸಿತು. ಊರವರ ಮಾತನ್ನೆಲ್ಲ ಆಡಿದ ನನಗೆ ನನ್ನದೊಂದು ಮಾತಿಲ್ಲ. ದಾದಾಪೀರ ಸಿಮ್ ತೆಗೆದು ಅವರ ಕೈಗಿತ್ತು, ನನ್ನನ್ನು ಪೂರ್ತಿ ಒರೆಸಿಹಾಕಿದ.

ಮರುದಿನ ಮಧ್ಯಾಹ್ನ ನೀಲವ್ವ ಓಡುತ್ತಾ ಅಂಗಡಿಗೆ ಬಂದರು. ಚಪ್ಪಲಿ ಹಾಕಿರಲಿಲ್ಲ. "ನನ್ನ ಹಳೀ ಫೋನ್ ಕೊಡಪಾ. ಬೇಕಾರ ಈ ಬೆಂಡೋಲಿ ಇಟ್ಕೊ" ಎಂದು ಕಿವಿಗೆ ಕೈಹಾಕಿದರು. ದಾದಾಪೀರ ಗಾಬರಿಯಾಗಿ ಡ್ರಾವರಿನಿಂದ ನನ್ನನ್ನು ತೆಗೆದುಕೊಟ್ಟ. ಆಕೆ ಹೆಸರುಗಳ ಪಟ್ಟಿ ತೆರೆದರು. ಖಾಲಿ. ಮುಚ್ಚಿ ಮತ್ತೆ ತೆರೆದರು. ಖಾಲಿ.

"ಅಕ್ಕಾರ, ಎಲ್ಲಾ ಅಳಿಸೇನ್ರಿ. ಅಣ್ಣಾರ ಬ್ಯಾಡಂದ್ರು" ಎಂದ ದಾದಾಪೀರ. ಆಕೆ ನೆಲದ ಮೇಲೆ ಕುಸಿದು ಕೂತಾಗ ಅವನೇ ಮಹಾರುದ್ರಪ್ಪನವರಿಗೆ ಫೋನ್ ಮಾಡಿ ಕರೆಸಿದ.

"ಏನಾತು?" ಬಂದವರು ಕೇಳಿದರು.

ನೀಲವ್ವ ನನ್ನನ್ನು ಎದೆಗೆ ಒತ್ತಿ ಹಿಡಿದಿದ್ದರು. "ಇದು ಹ್ಯಾಂಗ್ ಆಗತಿರ್ಲಿಲ್ರಿ. ಒಂದ ದಿನಾನೂ ಆಗಿಲ್ಲ. ನಾನ ಸುಳ್ಳ ಹೇಳತಿದ್ನಿ. ಅಕ್ಷತಾನ ಕೂಡ ಮಾತಾಡತಿದ್ನಿ. ಆಕಿ ನಂಬರ್ ಇದರಾಗಷ್ಟ ಇತ್ರಿ."

ನನ್ನ ಮೇಲಿನ ಅಪವಾದ ಅಲ್ಲಿಗೆ ಕಳೆಯಿತು. ಯಾರಿಗೆ ಬೇಕಿತ್ತು? ಈಗ ಬೈಯುತ್ತಾರೆ, ನನ್ನನ್ನು ಮತ್ತೆ ಗೋಡೆಗೆ ಎಸೆಯುತ್ತಾರೆ ಎಂದುಕೊಂಡೆ. ಮಹಾರುದ್ರಪ್ಪ ಹೆಂಡತಿಯ ಪಕ್ಕದಲ್ಲೇ ನೆಲಕ್ಕೆ ಕೂತರು.

"ಹ್ಯಾಂಗ... ಹ್ಯಾಂಗ ಅದಾಳ ಆಕಿ?"

ಈ ಸಲ 'ಹ್ಯಾಂಗ' ಎಂದು ಅವರು ನಗಲಿಲ್ಲ.

"ಎಂಟ ತಿಂಗಳ ಬಸರಿ ಅದಾಳ್ರಿ."

"ಅಕ್ಷತಾನ ಅವ್ವಾ" ಎಂದರು ಅವರು, ಮೂರು ವರ್ಷದ ಮೇಲೆ. "ನನಗೊಂದ ಮಾತ ಹೇಳಬಾರದಾಗಿತ್ತೇನ?"

"ಹೇಳಿದ್ರ ಏನ್ ಮಾಡತಿದ್ರಿ?"

ಮಹಾರುದ್ರಪ್ಪ ಎದ್ದರು. ನನ್ನ ಸಾವಿರ ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟರು. "ಒಯ್ರಿ ಅಣ್ಣಾರ, ರೊಕ್ಕ ಬ್ಯಾಡ" ಎಂದ ದಾದಾಪೀರ. ಆದರೂ ಇಟ್ಟೇ ಬಂದರು.

ಆಮೇಲೆ ಅವರು ಸುತ್ತದ ಜಾಗವಿಲ್ಲ. ಸಿಮ್ಮಿನ ಕಂಪನಿಯ ಕಚೇರಿಯಲ್ಲಿ, ಮಾತಾಡಿ ದುಡ್ಡು ಕಟ್ ಆದ ಕರೆಯಷ್ಟೇ ಪಟ್ಟಿಯಲ್ಲಿರುತ್ತದೆ, ಮಿಸ್ ಕಾಲ್ ಇರುವುದಿಲ್ಲ, ಬಂದ ಕರೆಯೂ ಇರುವುದಿಲ್ಲ ಎಂದರು. ಫ್ಲೆಕ್ಸ್ ಅಂಗಡಿಗಳಲ್ಲಿ ಅಳಿಯನ ಹೆಸರು ಹೇಳಿ ವಿಚಾರಿಸಿದರು. ಅವನು ಪುಣೆಯ ಕಡೆ ಹೋದನೆಂಬುದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ.

ನಾನೀಗ ಮತ್ತೆ ದೇವರ ಜಗಲಿಯ ಮೇಲಿದ್ದೇನೆ, ಅಕ್ಷತಾ ಇಟ್ಟುಹೋದ ಜಾಗದಲ್ಲೇ. ನನ್ನೊಳಗೆ ಸಿಮ್ಮಿಲ್ಲ. ಆದರೂ ನೀಲವ್ವ ದಿನಾ ಚಾರ್ಜ್ ಹಾಕುತ್ತಾರೆ. ಪಕ್ಕದಲ್ಲಿ ಹೊಸ ಫೋನಿದೆ. ನನಗಿಂತ ಚುರುಕು, ಚಿತ್ರ ಚೆನ್ನಾಗಿ ತೆಗೆಯುತ್ತದೆ. ಅದು ರಿಂಗಾದಾಗಲೆಲ್ಲ ಇಬ್ಬರೂ ಎದ್ದೋಡಿ ಬರುತ್ತಾರೆ. ಹಾಲಿನವರು ಇರುತ್ತಾರೆ, ಗ್ಯಾಸಿನವರು ಇರುತ್ತಾರೆ. ಮಹಾರುದ್ರಪ್ಪ ಈಗ ಯಾವ ವಸ್ತುವನ್ನು ನೋಡಿಯೂ ಮಾರಿದ್ರ ಏನ್ ಬರತೈತಿ ಎಂದು ಕೇಳುವುದಿಲ್ಲ. ಕೆಲಸ ಮುಗಿಸಿ ಬಂದು ಬಾಗಿಲಲ್ಲೇ ನಿಂತು, "ಅಕ್ಷತಾನ ಅವ್ವಾ, ಬಂತೇನ?" ಎನ್ನುತ್ತಾರೆ.

"ಇಲ್ರಿ."

ತಿಂಗಳು ತುಂಬಿ ಹದಿನೈದು ದಿನವಾಯಿತು. ಎಲ್ಲೋ ಒಂದೂರಿನಲ್ಲಿ ಅಕ್ಷತಾ ತನ್ನ ಆಣೆ ಮುರಿಯದೆ ಅವ್ವನ ಎರಡು ರಿಂಗಿಗಾಗಿ ಕಾಯುತ್ತಿರಬೇಕು. ಅವ್ವ ಅಪ್ಪನಿಗೆ ಹೇಳಿದಳು, ಅಪ್ಪ ಒಪ್ಪಲಿಲ್ಲ, ಅದಕ್ಕೇ ಸುಮ್ಮನಾದಳು ಎಂದುಕೊಂಡಿರಬೇಕು.

ಒರೆಸಿಹಾಕಿದ ಮೇಲೂ ಇಷ್ಟೆಲ್ಲ ಹೇಗೆ ನೆನಪಿದೆ ಎಂದು ಕೇಳುತ್ತೀರಾ? ಕೇಳಿದ್ದು ಕಂಡದ್ದು ಎಲ್ಲಿ ಉಳಿಯುತ್ತದೋ ನನಗೂ ಗೊತ್ತಿಲ್ಲ. ಅವಳ ನಗು ನೆನಪಿದೆ, ಹಿಟ್ಟಿನ ಕೈ ನೆನಪಿದೆ, ಮೂರು ವರ್ಷದ ಒಂದೊಂದು ಮಾತೂ ನೆನಪಿದೆ. ಬರೆದಿಟ್ಟಿದ್ದ ಆ ಹತ್ತು ಅಂಕಿ ಮಾತ್ರ ನೆನಪಿಲ್ಲ. ನೀಲವ್ವ ಬಂದು ನನ್ನ ಮುಖ ಒರೆಸಿ, ಕೋತಂಬ್ರಿಯನ್ನು ಹುಡುಕುತ್ತಾರೆ. ಆಗ ನನಗೆ ಏನೂ ಹೊಳೆಯುವುದಿಲ್ಲ, ಏನೂ ನಡೆಯುವುದಿಲ್ಲ, ನಿಂತಲ್ಲೇ ನಿಂತುಬಿಡುತ್ತೇನೆ. ಈಗ ಯಾರಾದರೂ ನನ್ನನ್ನು ಹ್ಯಾಂಗ್ ಆಗಿದೆ ಎಂದರೆ, ಹೌದು ಎನ್ನುತ್ತೇನೆ.