ನೀಲಿ ಅಂಗಿಯ ಚೂರು

ಯಂತ್ರ ಮೂರನೆಯ ಫೋಟೊವನ್ನು ಹೊರಗೆ ತಳ್ಳುತ್ತಿತ್ತು. ಗಾಳಿಗಾಲ ಶುರುವಾಗಿ ವಾರವಾಗಿತ್ತು. ಬೀದಿಯ ದೂಳು ಒಳಗೆ ನುಗ್ಗದಂತೆ ಸ್ಟುಡಿಯೋದ ಬಾಗಿಲಡಿಗೆ ಒದ್ದೆ ಬಟ್ಟೆ ಸಿಕ್ಕಿಸಿ, ಮಗಳು ಬೆಳಗಿನ ಆರಕ್ಕೇ ಕೂತಿದ್ದಳು. ಗೋಡೆಯಾಚೆಯ ಕೋಣೆಯಲ್ಲಿ ತೀರಿಕೊಂಡ ಅಪ್ಪನನ್ನು ಮಲಗಿಸಿದ್ದರು. ಹನ್ನೊಂದಕ್ಕೆ ವಾಹನ ಬರುವುದಿತ್ತು.

ಫೋಟೊ ನೋಡಿ ಅಮ್ಮ ಮುಖ ತಿರುಗಿಸಿದಳು.

“ಇದು ಆಸ್ಪತ್ರೆ ಮುಖ ಕಣೇ. ಕಾಮಾಲೆ ಮುಖ. ಜನ ಕೊನೇಗೆ ನೋಡ್ಬೇಕಾದ್ದು ಇದನ್ನೇನಾ?”

ಆ ಫೋಟೊ ತೆಗೆದದ್ದು ಮೂರು ವರ್ಷದ ಹಿಂದೆ, ಅಪ್ಪ ಗಟ್ಟಿಮುಟ್ಟಾಗಿದ್ದಾಗ. ಪರದೆಯ ಮೇಲೆ ಕೆನ್ನೆ ತುಂಬಿ ನಗುತ್ತಿದ್ದರು. ಕಾಗದಕ್ಕೆ ಇಳಿದರೆ ಕಾಯಿಲೆ ಮರಳಿ ಬರುತ್ತಿತ್ತು.

“ಹಳದಿ ಕಮ್ಮಿ ಮಾಡಿದೀನಲ್ಲಮ್ಮ.”

“ಮಾಡಿದೀಯ. ಈಗ ತುಟಿ ನೇರಳೆಹಣ್ಣು ತಿಂದ ಹಾಗಿದೆ.”

ಚಿಕ್ಕಪ್ಪ ಒಳಗೆ ಇಣುಕಿದ. “ಒಂಬತ್ತಾಯ್ತಮ್ಮ. ಹಳೇ ಕಾಗದದಲ್ಲಿ ಸರಿಯಾಗೇ ಬರ್ತಿತ್ತಲ್ಲ, ಒಂದು ಹಾಳೇನೂ ಉಳಿದಿಲ್ವಾ?”

ಒಂದು ಉಳಿದಿತ್ತು. ಡ್ರಾಯರಿನ ಲಕೋಟೆಯ ಮೇಲೆ ಅಪ್ಪನ ಅಕ್ಷರ: ‘ಹೊಲಿಗೆ ಅಕ್ಕನದು. ಬಾಕಿ.’ ಹಾಳೆಯ ಜೊತೆಗೆ ಹೆಬ್ಬೆರಳಗಲದ ನೀಲಿ ಬಟ್ಟೆಯ ಚೂರು.

*

ಏಳು ವರ್ಷದ ಹಿಂದೆ, ಎದುರು ಸಾಲಿನಲ್ಲಿ ಬಟ್ಟೆ ಹೊಲಿಯುವ ಆಕೆ ತೀರಿಹೋದ ಗಂಡನ ಫೋಟೊ ಹಿಡಿದು ಮರಳಿ ಬಂದಿದ್ದಳು.

“ಅಣ್ಣಾ, ಮುಖ ಇವರದೇ. ಅಂಗಿ ಮಾತ್ರ ಬೇರೆ ಯಾರದೋ.”

ತಾನೇ ಹೊಲಿದ ಅಂಗಿಯ ಚೂರನ್ನು ಫೋಟೊದ ಮೇಲಿಟ್ಟಳು. ಚೂರು ನೀಲಿ. ಫೋಟೊದಲ್ಲಿ ಬದನೆಕಾಯಿ ಬಣ್ಣ.

“ಪರದೇಲಿ ನೀಲೀನೇ ಇತ್ತಲ್ಲಮ್ಮ,” ಅಂದರು ಅಪ್ಪ.

“ಕನ್ನಡೀಲಿ ಸರಿಯಾಗಿತ್ತು ಅಂದ್ರೆ ನನ್ನ ಗಿರಾಕಿ ಬಿಡ್ತಾರಾ? ನಾನು ಒಬ್ಬೊಬ್ಬರ ಮೈಯೂ ಅಳೀತೀನಿ. ನೀವು ಏನನ್ನ ಅಳೀತೀರಿ?”

ಅಪ್ಪ ಆ ಚೂರನ್ನು ತೆಗೆದಿಟ್ಟುಕೊಂಡರು. ಆ ತಿಂಗಳೇ ಅಂಗೈಯಗಲದ ಬಣ್ಣ ಅಳೆಯುವ ಸಾಧನ ತರಿಸಿದರು. ಹೊಸ ಕಾಗದ ಬಂದರೆ ಮೊದಲು ನೂರಾರು ಬಣ್ಣದ ಚೌಕಗಳ ಹಾಳೆ ತೆಗೆಯುವುದು, ಒಂದೊಂದು ಚೌಕ ಎಷ್ಟು ದಾರಿ ತಪ್ಪಿದೆಯೆಂದು ಅಳೆಯುವುದು. ಆ ಲೆಕ್ಕ ಕಂಪ್ಯೂಟರಿನಲ್ಲಿ ಆ ಕಾಗದದ ಪ್ರೊಫೈಲ್ ಆಗಿ ಕೂರುತ್ತಿತ್ತು. ಅದರ ಪ್ರಕಾರವೇ ಯಂತ್ರ ಶಾಯಿ ಹಾಕುತ್ತಿತ್ತು.

“ಪ್ರತಿ ಕಾಗದಕ್ಕೂ ಅದರದೇ ಅಳತೆ ಕಣಮ್ಮ,” ಎಂದು ಮಗಳಿಗೆ ಹೇಳುತ್ತಿದ್ದರು. “ಕಣ್ಣನ್ನ ನಂಬಬೇಡ. ಅದು ಬೇಗ ಒಗ್ಗಿಹೋಗುತ್ತೆ.”

ಅಷ್ಟರಲ್ಲಿ ಹೊಲಿಗೆ ಅಕ್ಕನ ಗಂಡನ ಫೋಟೊದ ಫೈಲು ಎಲ್ಲೋ ಕಳೆದುಹೋಗಿತ್ತು. ಅದು ಹಳೆಯ ಡಿಸ್ಕಿನಲ್ಲಿ ಸಿಕ್ಕಿದ್ದು ಕಳೆದ ತಿಂಗಳು, ಅಪ್ಪ ಆಸ್ಪತ್ರೆಗೆ ಸೇರುವ ಹಿಂದಿನ ದಿನ. ಕೊನೆಯ ಹಾಳೆಯನ್ನು ಅವರು ಅಂದೇ ಅವಳಿಗೆಂದು ತೆಗೆದಿಟ್ಟಿದ್ದರು.

*

ಹೊಸ ಕಾಗದದ ಪೆಟ್ಟಿಗೆ ಬಂದದ್ದು ಆಮೇಲೆ. ಅದನ್ನು ಯಾರೂ ಅಳೆದಿರಲಿಲ್ಲ, ಯಂತ್ರ ಹಳೇ ಕಾಗದದ ಲೆಕ್ಕದಲ್ಲೇ ಶಾಯಿ ಹಾಕುತ್ತಿತ್ತು. ಬೆಳಗಿನಿಂದ ತಾನು ಒಬ್ಬರ ಅಳತೆಗೆ ಇನ್ನೊಬ್ಬರ ಅಂಗಿ ಹೊಲಿಯುತ್ತ ಕೂತಿದ್ದೆನೆಂದು ಮಗಳಿಗೆ ಹೊಳೆಯಿತು. ಅಪ್ಪ ಅಳೆಯುವುದನ್ನು ನೋಡಿದ್ದಳು, ತಾನು ಎಂದೂ ಅಳೆದಿರಲಿಲ್ಲ.

ಯಂತ್ರದಿಂದ ಕೆಂಪು, ಹಸಿರು, ಬೂದು ಚೌಕಗಳು ಸಾಲುಸಾಲಾಗಿ ಇಳಿದವು.

“ಅಣ್ಣ ಅಲ್ಲಿ ಮಲಗಿದಾನೆ, ಇವಳಿಲ್ಲಿ ಬಣ್ಣಬಣ್ಣದ ಚೌಕ ಮಾಡ್ತಾ ಕೂತಿದಾಳೆ!” ಚಿಕ್ಕಪ್ಪ ತಲೆ ಚಚ್ಚಿಕೊಂಡ. “ಆ ಒಂದು ಹಾಳೆ ಹಾಕಿ ಮುಗಿಸ್ಬಾರ್ದಾ?”

ಶಾಯಿ ಒಣಗಲು ಮುಕ್ಕಾಲು ಗಂಟೆ. ಹೊಲಿಗೆ ಅಕ್ಕ ಬಂದು ಪಕ್ಕದಲ್ಲಿ ಕೂತಳು. ಲಕೋಟೆಯ ಮೇಲಿನ ಅಕ್ಷರವನ್ನು ಬಹಳ ಹೊತ್ತು ನೋಡಿದಳು.

“ನನ್ನ ಹಾಳೇನೇ ತಗೋ ಮಗಳೇ. ಇಷ್ಟು ದಿನ ಕಾದಿಲ್ವಾ?”

“ಬೇಡ ಅಕ್ಕ. ಅಪ್ಪ ಬರೆದಿಟ್ಟಿದಾರೆ.”

“ಹಂಗಾದ್ರೆ ಕೈ ನಡುಗಿಸ್ಬೇಡ. ಟೇಪು ನಡುಗಿದ್ರೆ ತೋಳು ಗಿಡ್ಡ ಆಗುತ್ತೆ.”

ಹತ್ತಕ್ಕೆ ಮಗಳು ಸಾಧನವನ್ನು ಚೌಕಗಳ ಸಾಲಿನ ಮೇಲೆ ಎಳೆಯುತ್ತ ಅಳೆಯಲು ತೊಡಗಿದಳು. ನಾಲ್ಕನೆಯ ಸಾಲಿನಲ್ಲಿ ಸಾಧನ ಒಪ್ಪದೆ ಕೂಗಿತು. ಮತ್ತೆ ಎಳೆದಳು, ಮತ್ತೆ ಕೂಗಿತು. ಅಂಗೈಯ ಬೆವರನ್ನು ಸೆರಗಿಗೆ ಒರೆಸಿ, ಉಸಿರು ಹಿಡಿದು ಮೂರನೆಯ ಸಲ ಎಳೆದಳು.

ಹೊಸ ಅಳತೆಯಲ್ಲಿ ಅಪ್ಪನ ಫೋಟೊ ಇಳಿಯತೊಡಗಿದಾಗ ಬೀದಿಯಲ್ಲಿ ವಾಹನ ಹಾರ್ನ್ ಹೊಡೆಯಿತು. ಮೊದಲು ಕೂದಲು ಬಂತು, ಆಮೇಲೆ ಹಣೆ. ಕೆನ್ನೆ ಬಂತು.

“ಇವರು,” ಅಂದಳು ಅಮ್ಮ. ಅಷ್ಟೇ ಅಂದು, ಆವರೆಗೆ ಅಳದವಳು ಅತ್ತಳು.

ಚಿಕ್ಕಪ್ಪ ಹಸಿ ಫೋಟೊವನ್ನು ಅಂಚಷ್ಟೇ ಹಿಡಿದು, ಗಾಳಿಗೆ ಬೆನ್ನು ಕೊಟ್ಟು ಹೊರಗೆ ನಡೆದ.

ಎಲ್ಲ ಮುಗಿಸಿ ಹಿಂದಿರುಗುವಾಗ ಬಿಸಿಲು ಇಳಿದಿತ್ತು. ಮಗಳು ಕೈಕಾಲು ತೊಳೆದು ಬಂದು ಲಕೋಟೆಯ ಹಾಳೆಯನ್ನು ಯಂತ್ರಕ್ಕಿಟ್ಟಳು. ಆ ಕಾಗದದ ಅಳತೆ ಅಪ್ಪ ಮಾಡಿಟ್ಟದ್ದು, ಅದನ್ನು ಮುಟ್ಟಲಿಲ್ಲ.

ಹೊಲಿಗೆ ಅಕ್ಕ ಫೋಟೊವನ್ನು ಕಿಟಕಿಯ ಬೆಳಕಿಗೆ ಒಯ್ದು, ಗಂಡನ ಭುಜದ ಮೇಲೆ ಬಟ್ಟೆಯ ಚೂರನ್ನಿಟ್ಟಳು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ, ಚೂರು ಎಲ್ಲಿ ಮುಗಿದು ಅಂಗಿ ಎಲ್ಲಿ ಶುರುವಾಯಿತೆಂದು ತಿಳಿಯದೆ, ಬೆರಳಿನಿಂದ ಅದರ ಅಂಚನ್ನು ಹುಡುಕತೊಡಗಿದಳು.